ಕಣ್ಣಿಗೆ ಕಾಣುವ ಎಕ್ಸಿಟಾನ್: ಟಂಗ್‌ಸ್ಟನ್ ಡೈಸಲ್ಫೈಡ್ ಹರಳು, ಎಂಟು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಎಂಎಸ್ಸಿ ಮಕ್ಕಳಿಗೆ ಎಕ್ಸಿಟಾನ್ (ಬೆಳಕು ಬಿದ್ದಾಗ ಹರಳಿನೊಳಗೆ ಹುಟ್ಟುವ ಎಲೆಕ್ಟ್ರಾನ್-ರಂಧ್ರಗಳ ಜೋಡಿ) ಅಂದರೇನು ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದ್ದು ಸಾಕಾಗಿ, ಕಣ್ಣಾರೆ ತೋರಿಸಬೇಕು ಅನ್ನುವ ಆಸೆ ನಿಮಗಿದ್ದರೆ ಮಾಲಿಬ್ಡಿನಂ ಡೈಸಲ್ಫೈಡ್ ಕೊಳ್ಳಬೇಡಿ. ಟಂಗ್‌ಸ್ಟನ್ ಡೈಸಲ್ಫೈಡ್ ಕೊಳ್ಳಿ. ಪುಡಿ ಅಲ್ಲ, ಲ್ಯಾಬಿನಲ್ಲಿ ಬೆಳೆಸಿದ ಹರಳು. ನಾನು ಎರಡನ್ನೂ ಕೊಂಡು, ಒಂದರಲ್ಲಿ ಏಳು ತಿಂಗಳು ಕಳೆದು, ಇನ್ನೊಂದರಲ್ಲಿ ಮೂರನೇ ದಿನಕ್ಕೇ ಬೆಳಕು ಕಂಡವಳು. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ. ಹರಳು ಕೊಳ್ಳುವ ಮುಂಚೆ ಏನು ಕೇಳಬೇಕು ಅಂತ ಕನ್ನಡದಲ್ಲಿ ಹೇಳಿದವರು ನನಗೆ ಸಿಗಲಿಲ್ಲ.

ನಮ್ಮದು ಜಿಲ್ಲಾ ಕೇಂದ್ರದ ಕಾಲೇಜು. ದೊಡ್ಡ ಲ್ಯಾಬ್ ಏನಿಲ್ಲ. ಲೋಹದ ತುಂಡುಗಳನ್ನು ನೋಡುವ ಒಂದು ಹಳೆಯ ಮೈಕ್ರೋಸ್ಕೋಪ್, ಒಂದು ಪುಟ್ಟ ಫೈಬರ್ ಸ್ಪೆಕ್ಟ್ರೋಮೀಟರ್, ಒಂದು ಹಾಟ್ ಪ್ಲೇಟ್. ಬಯೋಟೆಕ್ ವಿಭಾಗದ ಫ್ಲೂರೊಸೆನ್ಸ್ ಮೈಕ್ರೋಸ್ಕೋಪ್ ನಮ್ಮ ಮಹಡಿಯಲ್ಲೇ ಇದೆ, ಅದೇ ನಮ್ಮ ಭಾಗ್ಯ. ಇಷ್ಟರಲ್ಲೇ ಆಗುವ ಕೆಲಸದ ಬಗ್ಗೆ ಮಾತ್ರ ಇಲ್ಲಿ ಹೇಳುತ್ತೇನೆ.

ಮೊದಲು ತರಿಸಿದ್ದು ಮಾಲಿಬ್ಡಿನಂ ಡೈಸಲ್ಫೈಡ್. ಕಾರಣ ಸರಳ. ಯಾವ ಪೇಪರ್ ತೆರೆದರೂ ಅದೇ ಹೆಸರು, ಬೆಲೆಯೂ ಕಮ್ಮಿ. ಒಬ್ಬ ಡೀಲರ್ ಕೊಟೇಶನ್ ಕೊಟ್ಟರು, ಮೂರು ಕೊಟೇಶನ್‌ಗಳಲ್ಲಿ ಅದೇ ಕಡಿಮೆ, ಹಾಗಾಗಿ ಆಫೀಸಿನಲ್ಲಿ ಅದೇ ಪಾಸಾಯಿತು. ಬಂದದ್ದು ಒಂದು ಪ್ಲಾಸ್ಟಿಕ್ ಸೀಸೆಯಲ್ಲಿ. ಸೀಸೆಯೊಳಗೆ ಹರಳು ಅಲುಗಾಡಿ, ಒಂದಕ್ಕೊಂದು ತಿಕ್ಕಿ, ಅಂಚೆಲ್ಲ ಪುಡಿಯಾಗಿ, ಮುಚ್ಚಳ ತೆಗೆದರೆ ಬೂದು ಬಣ್ಣದ ಹುಡಿ ಬೆರಳಿಗೆ ಅಂಟುತ್ತಿತ್ತು. ಜೊತೆಗೆ ಒಂದು ಎಕ್ಸ್‌ಆರ್‌ಡಿ (ಎಕ್ಸ್ ಕಿರಣದಿಂದ ಹರಳಿನ ಜೋಡಣೆ ನೋಡುವ ಪರೀಕ್ಷೆ) ಕಾಗದ, 'ಶುದ್ಧತೆ 99.99' ಅಂತ ಬರೆದದ್ದು. ಬೆಳಕು ಕೊಡುವುದು ಹರಳಿನ ಒಂದೇ ಒಂದು ಪದರ, ಅದನ್ನು ಟೇಪ್ ಹಚ್ಚಿ ಸುಲಿದು ತೆಗೆಯಬೇಕು. ಎಷ್ಟು ಸುಲಿದರೂ ಎರಡು ಮೂರು ಮೈಕ್ರಾನಿನ ಚೂರುಗಳೇ. ಕಷ್ಟಪಟ್ಟು ಒಂದು ಒಂಟಿ ಪದರ ಸಿಕ್ಕಿದಾಗ ಬೆಂಗಳೂರಿಗೆ ಹೋಗಿ ಅಳೆಸಿದರೆ ಬೆಳಕು ಬಂತು, ಇಲ್ಲ ಅನ್ನಲಾರೆ, ಆದರೆ ಸ್ಪೆಕ್ಟ್ರಮ್ಮಿನ ಪೀಕ್ ಗುಡ್ಡದ ಹಾಗೆ ಅಗಲವಾಗಿ, ಮಂಕಾಗಿ. ಡೀಲರಿಗೆ ಫೋನ್ ಮಾಡಿದರೆ, "ಮೇಡಂ, ಎಕ್ಸ್‌ಆರ್‌ಡಿ ಕೊಟ್ಟಿದ್ದೀವಲ್ಲ, ಪೀಕ್ ಎಲ್ಲ ಸರಿ ಇದೆ" ಅಂದರು. ಅವರ ಮಾತು ಸುಳ್ಳಲ್ಲ. ಆದರೆ ನಾನು ಕೇಳಿದ್ದಕ್ಕೆ ಅದು ಉತ್ತರವೂ ಅಲ್ಲ. ಆ ವ್ಯತ್ಯಾಸ ನನಗೆ ಗೊತ್ತಾಗಲು ಏಳು ತಿಂಗಳು ಬೇಕಾಯಿತು. ಈ ವಿಮರ್ಶೆಯ ಜೀವ ಅಲ್ಲೇ ಇದೆ, ಮುಂದೆ ಬರುತ್ತೇನೆ.

ಗೊತ್ತಿಲ್ಲದವರಿಗೆ ಈ ವಸ್ತು ಏನು ಅಂತ ಸ್ವಲ್ಪ ಹೇಳಬೇಕು. ಚಿಕ್ಕಂದಿನಲ್ಲಿ ಕಾಗೆಬಂಗಾರ ಹೆಕ್ಕಿ ಉಗುರಿನಿಂದ ಎಬ್ಬಿದ್ದೀರಲ್ವಾ? ಪದರ ಪದರವಾಗಿ ಏಳುತ್ತದೆ. ಇದೂ ಹಾಗೆಯೇ. ನಡುವೆ ಒಂದು ಸಾಲು ಲೋಹದ ಪರಮಾಣು, ಮೇಲೊಂದು ಕೆಳಗೊಂದು ಗಂಧಕದ ಸಾಲು, ಈ ಮೂರೂ ಸೇರಿ ಒಂದು ಪದರ. ಪದರದ ಒಳಗೆ ಬಂಧ ಗಟ್ಟಿ. ಪದರ ಪದರಗಳ ನಡುವೆ ಮಾತ್ರ ಸಡಿಲ. ನನ್ನ ತಮ್ಮ ಗ್ಯಾರೇಜ್ ನಡೆಸುತ್ತಾನೆ, ಕಾರಿನ ಆಕ್ಸಲ್ ಜಾಯಿಂಟಿಗೆ ಕಪ್ಪು ಗ್ರೀಸ್ ತುಂಬುತ್ತಾನೆ. ಡಬ್ಬದ ಮೇಲೆ ನೋಡಿದರೆ ಮಾಲಿಬ್ಡಿನಂ ಡೈಸಲ್ಫೈಡ್! ಪದರಗಳು ಒಂದರ ಮೇಲೊಂದು ಜಾರುವುದರಿಂದಲೇ ಅದು ಗ್ರೀಸಿಗೆ ಒಗ್ಗುತ್ತದೆ, ಅದೇ ಕಾರಣಕ್ಕೆ ಟೇಪಿಗೂ ಬಿಟ್ಟುಕೊಡುತ್ತದೆ. ಒಂದು ಪದರದ ದಪ್ಪ ಸುಮಾರು 0.65 ನ್ಯಾನೋಮೀಟರ್.

ಟೇಪ್ ಹಚ್ಚಿ ಸುಲಿಯುವ ಈ ವಿದ್ಯೆಯಿಂದ ಗ್ರಾಫೀನ್ (ಇಂಗಾಲದ ಒಂದೇ ಪದರ) ತೆಗೆದು ತೋರಿಸಿದ್ದು 2004ರಲ್ಲಿ, ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್. 2010ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಗ್ರಾಫೀನಿಗೆ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನ್ ಮೇಲೆ ಹಾರಲು ದಾಟಬೇಕಾದ ಶಕ್ತಿಯ ಅಂತರ) ಇಲ್ಲ, ಹಾಗಾಗಿ ಅದು ಹೀಗೆ ಬೆಳಗುವುದಿಲ್ಲ. ನಮ್ಮ ಕಥೆ ಶುರುವಾಗುವುದು ಅದೇ 2010ರಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದ ಟೋನಿ ಹೈಂಜ್ ಅವರ ತಂಡವೂ ಬರ್ಕ್ಲಿಯ ಫೆಂಗ್ ವಾಂಗ್ ಅವರ ತಂಡವೂ ಹೆಚ್ಚುಕಮ್ಮಿ ಒಟ್ಟಿಗೇ ಒಂದು ಸೋಜಿಗ ಕಂಡವು. ಮಾಲಿಬ್ಡಿನಂ ಡೈಸಲ್ಫೈಡ್ ಗಟ್ಟಿಯಾಗಿ ದಪ್ಪಗಿದ್ದಾಗ ಬೆಳಕು ಕೊಡುವುದೇ ಇಲ್ಲ ಅನ್ನಬಹುದು. ತೆಳುವಾಗುತ್ತಾ ಹೋದ ಹಾಗೆ ಬೆಳಕು ಏರುತ್ತದೆ. ಒಂದೇ ಒಂದು ಪದರಕ್ಕೆ ಇಳಿದಾಗ ಥಟ್ಟನೆ ಹೊಳೆಯುತ್ತದೆ. ವಸ್ತು ಕಮ್ಮಿಯಾದಷ್ಟೂ ಬೆಳಕು ಜಾಸ್ತಿ! ದಪ್ಪ ಹರಳಿನಲ್ಲಿ ಬ್ಯಾಂಡ್ ಗ್ಯಾಪ್ ನೇರವಲ್ಲ, ಎಲೆಕ್ಟ್ರಾನ್ ಕೆಳಗಿಳಿಯಬೇಕಾದರೆ ಬೆಳಕಿನ ಜೊತೆಗೆ ಹರಳಿನ ಕಂಪನದ ಸಹಾಯವೂ ಬೇಕು. ಒಂಟಿ ಪದರದಲ್ಲಿ ಗ್ಯಾಪ್ ನೇರವಾಗಿಬಿಡುತ್ತದೆ. ಟಂಗ್‌ಸ್ಟನ್ನಿನ ಹರಳಿನಲ್ಲೂ ಇದೇ ಕಥೆ.

ಈಗ ಎಕ್ಸಿಟಾನ್. ಬೆಳಕು ಬಿದ್ದಾಗ ಒಂದು ಎಲೆಕ್ಟ್ರಾನ್ ಮೇಲೆ ಹಾರುತ್ತದೆ, ಅದು ಬಿಟ್ಟ ಜಾಗ ರಂಧ್ರವಾಗಿ ಉಳಿಯುತ್ತದೆ. ಒಂದು ಋಣ, ಒಂದು ಧನ. ಒಂದನ್ನೊಂದು ಎಳೆಯುತ್ತವೆ. ನಾನು ಕ್ಲಾಸಿನಲ್ಲಿ ಇದನ್ನು ಹೀಗೆ ಹೇಳುತ್ತೇನೆ: ಇಬ್ಬರು ಮಕ್ಕಳು ಕೈ ಕೈ ಹಿಡಿದು ಗಿರಗಿರ ತಿರುಗುತ್ತಿದ್ದಾರೆ ಅಂದುಕೊಳ್ಳಿ. ಜಾತ್ರೆಯ ನೂಕುನುಗ್ಗಲಿನಲ್ಲಿ ತಿರುಗಲು ಹೋದರೆ ನಡುವೆ ಜನ ನುಗ್ಗುತ್ತಾರೆ, ಹಿಡಿತ ಸಡಿಲವಾಗುತ್ತದೆ, ಯಾರೋ ಭುಜ ತಾಗಿಸಿದರೂ ಕೈ ಬಿಟ್ಟುಹೋಗುತ್ತದೆ. ದಪ್ಪ ಹರಳು ಜಾತ್ರೆ ಇದ್ದ ಹಾಗೆ. ಸುತ್ತಲಿನ ಚಾರ್ಜುಗಳೆಲ್ಲ ನಡುವೆ ಬಂದು ಆ ಎಳೆತವನ್ನು ಮರೆ ಮಾಡುತ್ತವೆ. ಒಂಟಿ ಪದರ ಬಯಲು ಗದ್ದೆ. ಮೇಲೂ ಗಾಳಿ, ಕೆಳಗೂ ಹೆಚ್ಚೇನಿಲ್ಲ, ಅಡ್ಡ ಬರುವವರೇ ಇಲ್ಲ. ಹಿಡಿತ ಭದ್ರ.

ಎಷ್ಟು ಭದ್ರ? ಲೇಸರ್ ಡಯೋಡಿಗೆ ಬಳಸುವ ಗ್ಯಾಲಿಯಂ ಆರ್ಸನೈಡಿನಲ್ಲಿ ಎಕ್ಸಿಟಾನಿನ ಬಂಧ ಸುಮಾರು 4 ಮಿಲಿ ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಪುಟ್ಟ ಅಳತೆ, ಮುಂದೆ ಬರೀ 'ಮಿಲಿ' ಅನ್ನುತ್ತೇನೆ). ನಮ್ಮ ಕೋಣೆಯ ಶಾಖವೇ 26 ಮಿಲಿ. ಅಂದರೆ ಕೋಣೆಯಲ್ಲಿ ಇಟ್ಟ ಕೂಡಲೇ ಆ ಜೋಡಿ ಕಳಚಿಹೋಗುತ್ತದೆ, ನೋಡಬೇಕಾದರೆ ಹೀಲಿಯಂನಲ್ಲಿ ತಣ್ಣಗೆ ಮಾಡಬೇಕು. ಒಂಟಿ ಪದರದ ಟಂಗ್‌ಸ್ಟನ್ ಡೈಸಲ್ಫೈಡಿನಲ್ಲಿ 2014ರಲ್ಲಿ ಹೈಂಜ್ ಅವರ ತಂಡ ಅಳೆದದ್ದು 320 ಮಿಲಿ. ಕೋಣೆಯ ಶಾಖದ ಹನ್ನೆರಡು ಪಟ್ಟು! ಬೇಸಿಗೆಯ ಮಧ್ಯಾಹ್ನ, ಫ್ಯಾನ್ ಇಲ್ಲದ ಲ್ಯಾಬಿನಲ್ಲೂ ಈ ಜೋಡಿ ಕೈ ಬಿಡುವುದಿಲ್ಲ. ಹೀಲಿಯಂ ಕಾಣದ ನಮ್ಮಂಥ ಕಾಲೇಜಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಈ ಒಂದು ಸಂಖ್ಯೆ ನೋಡಿಯೇ ನಾನು ಹರಳಿಗೆ ದುಡ್ಡು ಕೇಳಲು ಪ್ರಿನ್ಸಿಪಾಲರ ಹತ್ತಿರ ಹೋದದ್ದು.

ಹಾಗಾದರೆ ಎರಡು ಹರಳಿನಲ್ಲಿ ಟಂಗ್‌ಸ್ಟನ್ನೇ ಯಾಕೆ? ಮಾಲಿಬ್ಡಿನಂನ ಒಂಟಿ ಪದರ ಬೆಳಗುವುದು 660, 670 ನ್ಯಾನೋಮೀಟರ್ ತರಂಗಾಂತರದ ಹತ್ತಿರ, ಕಡುಗೆಂಪು. ಟಂಗ್‌ಸ್ಟನ್ ಡೈಸಲ್ಫೈಡ್ ಬೆಳಗುವುದು 615ರ ಆಸುಪಾಸು, ಕಿತ್ತಳೆಗೆ ತಾಗಿದ ಕೆಂಪು. ಕೇಳಿದರೆ ದೊಡ್ಡ ಅಂತರ ಅನ್ನಿಸುವುದಿಲ್ಲ. ಆದರೆ ನಮ್ಮ ಕಣ್ಣು 670ಕ್ಕೆ ಹೋಗುವಷ್ಟರಲ್ಲಿ ತೀರಾ ಮಂದವಾಗಿರುತ್ತದೆ. ಅಷ್ಟೇ ಬೆಳಕು ಬಂದರೂ 615ರಲ್ಲಿ ಕಣ್ಣಿಗೆ ಹತ್ತು ಪಟ್ಟಿಗೂ ಜಾಸ್ತಿ ಕಾಣುತ್ತದೆ. ಅದರ ಮೇಲೆ ಸುಲಿದ ಮಾಲಿಬ್ಡಿನಂ ಪದರ ಹೀರಿದ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲೂ ವಾಪಸ್ ಕೊಡುವುದಿಲ್ಲ. ಟಂಗ್‌ಸ್ಟನ್ ಅದಕ್ಕಿಂತ ಎಷ್ಟೋ ಧಾರಾಳಿ. ಟಂಗ್‌ಸ್ಟನ್ ಡೈಸೆಲೆನೈಡ್ ಇನ್ನೊಂದಿದೆ, ಸಂಶೋಧನೆಯವರಿಗೆ ಬಲು ಪ್ರೀತಿ, ಆದರೆ ಅದು ಬೆಳಗುವುದು 750ರ ಹತ್ತಿರ. ಮಾಲಿಬ್ಡಿನಂ ಡೈಸೆಲೆನೈಡ್ 800ರ ಹತ್ತಿರ. ಎರಡಕ್ಕೂ ಕ್ಯಾಮೆರಾ ಬೇಕು, ಮಕ್ಕಳ ಕಣ್ಣಿಗೆ ಕಾಣುವುದಿಲ್ಲ.

ಸರಿ, ಎರಡನೇ ಸಲ ನಾನು ಬೇರೆ ಕಡೆಯಿಂದ ತರಿಸಿದೆ. ಈ ಸಲ ಬಂದದ್ದು ಚಿಕ್ಕ ಚೌಕದ ಪೆಟ್ಟಿಗೆ. ಮೇಲೂ ಕೆಳಗೂ ತೆಳು ಪೊರೆ, ನಡುವೆ ಹರಳು ಅಲುಗಾಡದ ಹಾಗೆ ಹಿಡಿದಿಟ್ಟಿದ್ದರು. ಹೆಬ್ಬೆರಳ ಉಗುರಿನ ಅರ್ಧದಷ್ಟು ಅಗಲ. ಕನ್ನಡಿಯ ಹಾಗೆ ಹೊಳೆಯುವ ಬೂದು ಬಣ್ಣ, ಅಂಚಿನಲ್ಲಿ 120 ಡಿಗ್ರಿಯ ಮೂಲೆಗಳು ಬರಿಗಣ್ಣಿಗೇ ಕಾಣುತ್ತವೆ. ಕಸ್ಟಮ್ಸು, ಕೊರಿಯರು ಎಲ್ಲ ಸೇರಿ ಐವತ್ತು ಸಾವಿರದ ಹತ್ತಿರ ಆಯಿತು. ಮೊದಲಿನದಕ್ಕಿಂತ ಎರಡೂವರೆ ಪಟ್ಟು. ಈ ಸಲ ಆರ್ಡರ್ ಕೊಡುವ ಮುಂಚೆ ನಾನು ಕೇಳಿದ್ದು ಒಂದೇ ಪ್ರಶ್ನೆ: "ಇದೇ ಬ್ಯಾಚಿನ ಹರಳಿನಿಂದ ಸುಲಿದ ಒಂಟಿ ಪದರದ ಪಿಎಲ್ ಸ್ಪೆಕ್ಟ್ರಮ್ ಕೊಡುತ್ತೀರಾ?" ಪಿಎಲ್ ಅಂದರೆ ಫೋಟೊಲ್ಯೂಮಿನೆಸೆನ್ಸ್, ಬೆಳಕು ಬಿಟ್ಟಾಗ ವಸ್ತು ವಾಪಸ್ ಕೊಡುವ ಬೆಳಕು. ಕೊಟ್ಟರು. ಅದನ್ನು ನೋಡಿಯೇ ಕೊಂಡೆ.

ಆ ಕಾಗದ ಯಾಕೆ ಮುಖ್ಯ? ಎಕ್ಸ್‌ಆರ್‌ಡಿ ಹೇಳುವುದು ಹರಳಿನ ಜೋಡಣೆ ಸರಿ ಇದೆಯಾ ಅಂತ. ಸಾವಿರ ಗಂಧಕದಲ್ಲಿ ಒಂದೆರಡು ಜಾಗ ಖಾಲಿ ಇದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಆದರೆ ಎಕ್ಸಿಟಾನಿಗೆ ಗೊತ್ತಾಗುತ್ತದೆ. ಅದು ಒಂದೇ ಕಡೆ ಕೂರುವುದಿಲ್ಲ, ಹಾಳೆಯೊಳಗೆ ಓಡಾಡುತ್ತದೆ. ದಾರಿಯಲ್ಲಿ ಒಂದು ಖಾಲಿ ಜಾಗ ಸಿಕ್ಕಿದರೆ ಅಲ್ಲಿ ಬಿದ್ದು ಬೆಳಕು ಕೊಡದೆಯೇ ಆರಿಹೋಗಬಹುದು. ಖಾಲಿ ಜಾಗ ಜಾಸ್ತಿ ಇದ್ದಷ್ಟೂ ಬೆಳಕು ಮಂಕು, ಪೀಕ್ ಅಗಲ. ಅದಕ್ಕೇ ಪೀಕಿನ ಅಗಲ ಕೇಳಿ. ಅರ್ಧ ಎತ್ತರದಲ್ಲಿ ಅಳೆದ ಅಗಲ. ಕೋಣೆಯ ಉಷ್ಣತೆಯಲ್ಲಿ ಟಂಗ್‌ಸ್ಟನ್ ಡೈಸಲ್ಫೈಡಿಗೆ 30, 35 ಮಿಲಿ ಎಲೆಕ್ಟ್ರಾನ್ ವೋಲ್ಟ್ ಇದ್ದರೆ ಧೈರ್ಯವಾಗಿ ಕೊಳ್ಳಿ. 60 ದಾಟಿದರೆ ನಾನು ಕೊಳ್ಳುವುದಿಲ್ಲ. ನ್ಯಾನೋಮೀಟರಿನಲ್ಲಿ ಹೇಳಿದರೆ 30 ಮಿಲಿ ಅಂದರೆ ಸುಮಾರು 9 ನ್ಯಾನೋಮೀಟರ್, ಸಾಧಾರಣ ಫೈಬರ್ ಸ್ಪೆಕ್ಟ್ರೋಮೀಟರಿಗೂ ಸಿಗುವ ಅಳತೆ. ನೀವೇ ತಾಳೆ ನೋಡಬಹುದು.

ಹರಳು ಬೆಳೆಸುವ ಎರಡು ದಾರಿಗಳ ಬಗ್ಗೆಯೂ ಕೇಳಿ. ಒಂದು, ಕ್ವಾರ್ಟ್ಜ್ ಕೊಳವೆಯೊಳಗೆ ಪುಡಿ ಹಾಕಿ, ಅಯೋಡಿನ್ನೋ ಬ್ರೋಮಿನ್ನೋ ಸೇರಿಸಿ ಮುಚ್ಚಿ, ಒಂದು ತುದಿ ಹೆಚ್ಚು ಬಿಸಿ, ಇನ್ನೊಂದು ತುದಿ ಸ್ವಲ್ಪ ಕಮ್ಮಿ ಇಟ್ಟು ವಾರಗಟ್ಟಲೆ ಬಿಡುವುದು. ಲೋಹವನ್ನು ಅಯೋಡಿನ್ ಆ ಕಡೆಯಿಂದ ಈ ಕಡೆಗೆ ಹೊತ್ತು ತರುತ್ತದೆ. ಹರಳು ದೊಡ್ಡದಾಗಿ ಬರುತ್ತದೆ, ಆದರೆ ಹೊತ್ತು ತಂದವನೂ ಅಲ್ಲಿ ಇಲ್ಲಿ ಉಳಿದುಬಿಡಬಹುದು. ಇನ್ನೊಂದು ಫ್ಲಕ್ಸ್ ಪದ್ಧತಿ. ಹೊರಗಿನ ವಾಹಕ ಬೇಡ, ಕರಗಿದ ದ್ರವದಿಂದ ನಿಧಾನಕ್ಕೆ ತಣಿಸಿ ಬೆಳೆಸುವುದು. ದೋಷ ಕಮ್ಮಿ, ಬೆಲೆ ಜಾಸ್ತಿ, ಹರಳು ಸಣ್ಣದು. ಫ್ಲಕ್ಸ್ ಹರಳು ಬೇಕೇ ಬೇಕಾಗುವುದು ತೀರಾ ತಣ್ಣಗೆ ಮಾಡಿ ಅಳೆಯುವವರಿಗೆ. ತೋರಿಸುವ ಕೆಲಸಕ್ಕೆ ನನ್ನ ಅಯೋಡಿನ್ ಹರಳೇ ಧಾರಾಳವಾಯಿತು. ಗಣಿಯಿಂದ ತೆಗೆದ ನೈಸರ್ಗಿಕ ಹರಳೂ ಮಾರಾಟಕ್ಕಿದೆ, ಮಾಲಿಬ್ಡಿನಂನಲ್ಲಿ ಮಾತ್ರ. ಸುಲಿಯಲು ಚೆಂದ, ಆದರೆ ಒಳಗೆ ಏನೇನು ಬೆರೆತಿದೆ ಅನ್ನುವುದು ಒಂದೊಂದು ಹರಳಿಗೆ ಒಂದೊಂದು ಥರ.

ಸುಲಿಯುವುದು ಹೇಗೆ ಅಂತ ತುಂಬ ಜನ ಕೇಳುತ್ತಾರೆ. ಸ್ಟೇಷನರಿ ಅಂಗಡಿಯ ಪಾರದರ್ಶಕ ಟೇಪಿನಲ್ಲೂ ಆಗುತ್ತದೆ, ಆದರೆ ಅಂಟು ಉಳಿಯುತ್ತದೆ. ಚಿಪ್ ಕತ್ತರಿಸುವ ಕಾರ್ಖಾನೆಗಳಲ್ಲಿ ಬಳಸುವ ನಿಟ್ಟೋ ನೀಲಿ ಟೇಪ್ ಒಂದು ಸುರುಳಿ ಕೊಂಡುಬಿಡಿ, ವರ್ಷಗಟ್ಟಲೆ ಬರುತ್ತದೆ. ಹರಳನ್ನು ಟೇಪಿಗೆ ಮೆಲ್ಲಗೆ ಒತ್ತಿ ಎತ್ತಿ. ಹರಳನ್ನು ವಾಪಸ್ ಪೆಟ್ಟಿಗೆಗೆ ಹಾಕಿಬಿಡಿ. ಟೇಪಿನ ಮೇಲೆ ಉಳಿದ ಬೂದು ಗುರುತನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ, ನಾಲ್ಕೈದು ಸಲ ಸಾಕು. ಹೊಸದಾಗಿ ಕಲಿಯುವವರು ಇಪ್ಪತ್ತು ಸಲ ಮಡಚುತ್ತಾರೆ. ಆಗ ಚಕ್ಕೆಗಳೆಲ್ಲ ಒಡೆದು ಪುಡಿಯಾಗುತ್ತವೆ, ಒಂಟಿ ಪದರ ಸಿಕ್ಕರೂ ಒಂದು ಮೈಕ್ರಾನ್ ಇರುತ್ತದೆ. ಆಮೇಲೆ ಸಿಲಿಕೋನ್ ಜೆಲ್ ಹಾಳೆ, ಪಿಡಿಎಂಎಸ್ ಅನ್ನುತ್ತಾರಲ್ಲ, ಅದರ ಮೇಲೆ ಟೇಪ್ ಒತ್ತಿ ಸರಕ್ಕನೆ ಎಳೆಯಬೇಕು. ಜೆಲ್ಲಿನ ಗುಣವೇ ಹಾಗೆ, ಬೇಗ ಎಳೆದರೆ ಹಿಡಿದುಕೊಳ್ಳುತ್ತದೆ, ನಿಧಾನಕ್ಕೆ ಎಳೆದರೆ ಬಿಟ್ಟುಕೊಡುತ್ತದೆ. ಮುಂದೆ ಸಿಲಿಕಾನ್ ಚಿಪ್ಪಿಗೆ ದಾಟಿಸುವಾಗ ಉಸಿರು ಹಿಡಿದು ನಿಧಾನಕ್ಕೆ ಎತ್ತುವುದೂ ಅದೇ ಕಾರಣಕ್ಕೆ. ನಮ್ಮ ಅಟೆಂಡರ್ ಅಣ್ಣನ ಕೈ ಈ ಕೆಲಸಕ್ಕೆ ನನಗಿಂತ ಪಳಗಿದೆ. ಬಳೆ ಅಂಗಡಿಯಲ್ಲಿ ಕೆಲಸ ಮಾಡಿದವರು, ಅವಸರ ಅನ್ನುವುದೇ ಇಲ್ಲ.

ಜೆಲ್ ಹಾಳೆಯ ಕೆಳಗಿನಿಂದ ಬಿಳಿ ಬೆಳಕು ಬಿಟ್ಟು ನೋಡಿದರೆ ಒಂಟಿ ಪದರ ತೆಳು ನೆರಳಿನ ಹಾಗೆ ಕಾಣುತ್ತದೆ. ಮೂರು ಪರಮಾಣು ದಪ್ಪದ ವಸ್ತು ಸೂಕ್ಷ್ಮದರ್ಶಕದಲ್ಲಿ ಕಾಣುವುದೇ ಆಶ್ಚರ್ಯ ಅಲ್ವಾ? ಎಕ್ಸಿಟಾನಿನ ಬಣ್ಣಕ್ಕೆ ಸರಿಯಾಗಿ ಹೊಂದಿದ ಬೆಳಕಾದರೆ ಈ ಒಂದೇ ಪದರ ಸುಮಾರು ಹತ್ತನೇ ಒಂದು ಪಾಲನ್ನು ಹೀರಿಬಿಡುತ್ತದೆ. ಗ್ರಾಫೀನ್ ಹೀರುವುದು ನೂರಕ್ಕೆ 2.3 ಮಾತ್ರ.

ಇನ್ನು ಆ ಮೂರನೇ ದಿನದ ಮಾತು. ಸಂಜೆ ಐದೂವರೆ. ಬಯೋಟೆಕ್ ವಿಭಾಗದ ಸರ್ ತಮ್ಮ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಎಳೆದುಕೊಟ್ಟರು. ಅವರ ಮೈಕ್ರೋಸ್ಕೋಪಿನಲ್ಲಿ ಜೀವಕೋಶಗಳಿಗೆ ಕೆಂಪು ಬಣ್ಣ ಹಾಕಿ ನೋಡಲು ಒಂದು ಫಿಲ್ಟರ್ ಇರುತ್ತದೆ, ರೋಡಮಿನ್ ಫಿಲ್ಟರ್. ಹಸಿರು ಬೆಳಕು ಒಳಗೆ ಬಿಡುತ್ತದೆ, 590 ದಾಟಿದ ಕೆಂಪನ್ನು ಮಾತ್ರ ಹೊರಗೆ ಬಿಡುತ್ತದೆ. ನಮ್ಮ ಹರಳಿಗೆ ಅದು ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಬಿಳಿ ಬೆಳಕಿನಲ್ಲಿ ಮೊದಲು ತೋರಿಸಿದೆ. ದೊಡ್ಡ ದೊಡ್ಡ ಚಕ್ಕೆಗಳು ಢಾಳಾಗಿ ಹೊಳೆಯುತ್ತಿದ್ದವು, ಮೂಲೆಯಲ್ಲಿ ಇದೆಯೋ ಇಲ್ಲವೋ ಅನ್ನುವ ಹಾಗೆ ಒಂದು ಮಸುಕು ತುಂಡು, ಬಾಳೆಲೆಯ ಹರಿದ ತುದಿಯ ಆಕಾರ. ಲೈಟ್ ಆರಿಸಿ ಫಿಲ್ಟರ್ ತಿರುಗಿಸಿದೆವು. ಆ ದೊಡ್ಡ ಚಕ್ಕೆಗಳೆಲ್ಲ ಕಪ್ಪಾಗಿ ಕಾಣೆಯಾದವು. ಆ ಮಸುಕು ತುಂಡೊಂದೇ ಕೆಂಡದ ಹಾಗೆ ಕೆಂಪಗೆ ಹೊತ್ತಿಕೊಂಡಿತು. ಅಂಚು ಗೆರೆ ಎಳೆದಷ್ಟು ಚೂಪು. ಅದರ ಪಕ್ಕದಲ್ಲೇ ಅಂಟಿಕೊಂಡಿದ್ದ ಎರಡು ಪದರದ ಭಾಗ ಕಪ್ಪು. ಒಂದು ಪದರ ಹೆಚ್ಚಾದರೆ ಬೆಳಕು ಹೋಯಿತು ಅನ್ನುವುದು ಆ ಗೆರೆಯಲ್ಲೇ ಇತ್ತು. ಮೊದಲು ನೋಡಿದ ಹುಡುಗಿ ಕಣ್ಣು ತೆಗೆಯಲೇ ಇಲ್ಲ. "ಮೇಡಂ, ಇದು ಎಕ್ಸಿಟಾನಾ?" ಅಂದಳು. ಹೌದು ಅಂದೆ. ಒಂದೊಂದು ಕೆಂಪು ಫೋಟಾನೂ ಒಂದು ಎಲೆಕ್ಟ್ರಾನು, ಒಂದು ರಂಧ್ರ ಸೇರಿ ಕೊಟ್ಟದ್ದು. ಹದಿನಾರು ಮಕ್ಕಳು ಸಾಲು ನಿಂತು ನೋಡಿದರು, ಕೆಲವರು ಎರಡು ಸಲ. ಬಯೋಟೆಕ್ ಸರ್ ಮೂರು ಸಲ ನೋಡಿದರು. ಹದಿನೈದು ವರ್ಷ ಪಾಠ ಮಾಡಿದ್ದೇನೆ, ಆ ಸಂಜೆಯಷ್ಟು ಖುಷಿ ನನಗೆ ಬೇರೆ ಯಾವ ಕ್ಲಾಸಿನಲ್ಲೂ ಆಗಿಲ್ಲ.

ಮುಂದಿನ ವಾರ ಸ್ಪೆಕ್ಟ್ರೋಮೀಟರಿನ ಫೈಬರನ್ನು ಮೈಕ್ರೋಸ್ಕೋಪಿನ ಕ್ಯಾಮೆರಾ ಜಾಗಕ್ಕೆ ಕೂರಿಸಿದೆವು. ಪೀಕ್ ಬಂದದ್ದು 616ರಲ್ಲಿ, ಅಂದರೆ 2.01 ಎಲೆಕ್ಟ್ರಾನ್ ವೋಲ್ಟ್. ಅಗಲ 34 ಮಿಲಿ. ಮಾರಿದವರು ಕೊಟ್ಟ ಕಾಗದಕ್ಕೆ ಹತ್ತಿರವೇ. ಇಲ್ಲಿ ಮಕ್ಕಳು ಯಾವಾಗಲೂ ಎಡವುವ ಒಂದು ಜಾಗ ಇದೆ. 2.01 ಬಂತು, ಹಾಗಾದರೆ ಬ್ಯಾಂಡ್ ಗ್ಯಾಪ್ 2.01 ಅಂತ ಬರೆದುಬಿಡುತ್ತಾರೆ. ಅಲ್ಲ. ಅದು ಕೈ ಹಿಡಿದ ಜೋಡಿಯ ಶಕ್ತಿ. ಕೈ ಬಿಡಿಸಲು ಇನ್ನೂ 0.3ರಷ್ಟು ಕೊಡಬೇಕು. ನಿಜವಾದ ಗ್ಯಾಪ್ 2.3ರಿಂದ 2.4ರ ಸುತ್ತ ಇರುತ್ತದೆ. ಮಾಮೂಲಿ ಅರೆವಾಹಕದಲ್ಲಿ ಈ ಎರಡರ ನಡುವಿನ ಅಂತರ ಎಷ್ಟು ಸಣ್ಣದು ಅಂದರೆ ಪಿಯುಸಿ ಪುಸ್ತಕದಲ್ಲಿ ಅದನ್ನು ಹೇಳುವ ಅಗತ್ಯವೇ ಬೀಳುವುದಿಲ್ಲ. ಇಲ್ಲಿ ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಪೀಕಿನ ಕೆಂಪು ಕಡೆಗೆ ಒಂದು ಹೆಗಲು ಕಾಣಿಸಿದರೆ ಗಾಬರಿಯಾಗಬೇಡಿ. ಅದು ಟ್ರಯಾನ್. ಜೋಡಿಯ ಜೊತೆಗೆ ಇನ್ನೊಂದು ಎಲೆಕ್ಟ್ರಾನ್ ಬಂದು ಅಂಟಿಕೊಂಡಿರುತ್ತದೆ, ಶಕ್ತಿ 20, 30 ಮಿಲಿ ಕಮ್ಮಿ. ಹರಳಿನಲ್ಲಿ ಹೆಚ್ಚುವರಿ ಎಲೆಕ್ಟ್ರಾನ್ ಇದ್ದಷ್ಟೂ ಹೆಗಲು ದಪ್ಪ. ನಾವು ಹಾಟ್ ಪ್ಲೇಟ್ ಮೇಲೆ ಚಿಪ್ ಇಟ್ಟು 80 ಡಿಗ್ರಿವರೆಗೆ ಬಿಸಿ ಮಾಡಿಯೂ ನೋಡಿದೆವು. ಪೀಕ್ ಕೆಂಪು ಕಡೆ ಸರಿಯಿತು, ಅಗಲವಾಯಿತು, ತಣ್ಣಗಾದ ಮೇಲೆ ವಾಪಸ್ ಬಂತು. ಅರ್ಧ ದಿನದ ಪ್ರಾಕ್ಟಿಕಲ್ ಆಗಿ ಇದನ್ನು ಸೇರಿಸಿಕೊಳ್ಳಬಹುದು, ಖರ್ಚು ಏನೂ ಇಲ್ಲ.

ಕೊರತೆಗಳನ್ನೂ ಹೇಳಬೇಕು. ಮೊದಲನೆಯದು ಮಳೆಗಾಲ. ಒಂಟಿ ಪದರದ ಟಂಗ್‌ಸ್ಟನ್ ಡೈಸಲ್ಫೈಡ್ ಗಾಳಿಯಲ್ಲಿ ಸುಮ್ನೆ ಇಟ್ಟರೂ ನಿಧಾನಕ್ಕೆ ಆಕ್ಸೈಡ್ ಆಗುತ್ತದೆ. ತೇವ ಇದ್ದು, ಮೇಲೆ ಬೆಳಕೂ ಬಿದ್ದರೆ ಇನ್ನೂ ಬೇಗ. ಜೂನ್‌ನಲ್ಲಿ ಮೇಜಿನ ಮೇಲೆ ಬಿಟ್ಟ ಒಂದು ಚಿಪ್ ಆಗಸ್ಟಿನಲ್ಲಿ ನೋಡಿದರೆ ಅಂಚಿನಿಂದ ಒಳಕ್ಕೆ ತಿಂದುಹೋಗಿತ್ತು, ನಡುವೆ ಸಣ್ಣ ಸಣ್ಣ ಕಪ್ಪು ಚುಕ್ಕೆ. ಈಗ ಎಲ್ಲ ಚಿಪ್ಪೂ ಸಿಲಿಕಾ ಜೆಲ್ ಹಾಕಿದ ಡೆಸಿಕೇಟರಿನಲ್ಲಿ, ಕತ್ತಲಲ್ಲಿ. ಮೂಲ ಹರಳಿಗೆ ಏನೂ ಆಗಿಲ್ಲ, ಮೇಲಿನ ಪದರ ಕೆಟ್ಟರೂ ಒಂದು ಸಲ ಸುಲಿದರೆ ಹೊಸ ಮುಖ ಬರುತ್ತದೆ. ಎರಡನೆಯದು ಮೈಕ್ರೋಸ್ಕೋಪಿನ ದೀಪ. ಪಾದರಸದ ದೀಪವನ್ನು ಪೂರ್ತಿ ಜೋರಾಗಿ ಬಿಟ್ಟು ಹತ್ತಾರು ನಿಮಿಷ ಒಂದೇ ಚಕ್ಕೆ ನೋಡಿದರೆ ಹೊಳಪು ಇಳಿಯುತ್ತದೆ. ಫಿಲ್ಟರ್ ಹಾಕಿ ಕಾಲು ಭಾಗಕ್ಕೆ ಇಳಿಸಿ. ಮೂರನೆಯದು ಅದೃಷ್ಟದ ಮಾತು. ಒಳ್ಳೆಯ ದಿನ ಮೂವತ್ತು ಮೈಕ್ರಾನಿನ ತುಂಡು ಸಿಗುತ್ತದೆ, ಕೆಟ್ಟ ದಿನ ಹತ್ತು ಟೇಪ್ ಮುಗಿದರೂ ಏನೂ ಇಲ್ಲ. ಮಕ್ಕಳು ಬರುವ ಹಿಂದಿನ ದಿನವೇ ಎರಡು ಮೂರು ಚಿಪ್ ತಯಾರಿಟ್ಟುಕೊಳ್ಳಿ.

ಪದರ ಎಣಿಸಲು ನಮ್ಮಲ್ಲಿ ದಾರಿ ಇಲ್ಲದಾಗ ಮೊದಲ ಮಾಲಿಬ್ಡಿನಂ ಚಿಪ್ಪುಗಳನ್ನು ರಾಮನ್ ಮಾಪನಕ್ಕೂ (ಹರಳಿನ ಕಂಪನಕ್ಕೆ ತಾಗಿ ಚದುರಿದ ಬೆಳಕನ್ನು ಅಳೆಯುವುದು) ಬೆಂಗಳೂರಿಗೆ ಒಯ್ಯುತ್ತಿದ್ದೆ. ಅದರ ಬಗ್ಗೆ ಒಂದು ಮಾತು. ಮಾಲಿಬ್ಡಿನಂ ಡೈಸಲ್ಫೈಡಿಗೆ ಅದು ಬಹಳ ಚೆಂದದ ಅಳತೆ: ಎರಡು ಪೀಕ್, ಒಂದು 384 cm⁻¹ ಹತ್ತಿರ, ಇನ್ನೊಂದು 403 cm⁻¹ ಹತ್ತಿರ. ನಡುವಿನ ಅಂತರ 18, 19 ಇದ್ದರೆ ಒಂಟಿ ಪದರ, ದಪ್ಪ ಹರಳಿಗೆ 25ಕ್ಕೆ ಏರುತ್ತದೆ. 1928ರಲ್ಲಿ ಕೋಲ್ಕತ್ತದಲ್ಲಿ ಸಿ.ವಿ. ರಾಮನ್ ಕಂಡದ್ದು ದ್ರವಗಳಲ್ಲಿ ಚದುರಿದ ಬೆಳಕು. ಅವರು ಆಮೇಲೆ ಬಂದು ನೆಲೆಸಿದ ಬೆಂಗಳೂರಿನಲ್ಲೇ ನಾವು ಅದೇ ಪರಿಣಾಮದಿಂದ ಪರಮಾಣುವಿನ ಪದರ ಎಣಿಸುತ್ತೇವೆ ಅಂತ ಮಕ್ಕಳಿಗೆ ಹೇಳುವಾಗ ನನಗೆ ಮೈ ಜುಮ್ಮೆನ್ನುತ್ತದೆ. ಹೊರಗಿನ ಕಾಲೇಜಿನವರಿಗೂ ಐಐಎಸ್‌ಸಿಯ ನ್ಯಾನೋ ಕೇಂದ್ರದ ಉಪಕರಣಗಳನ್ನು ಬಳಸಲು ಅವಕಾಶ ಕೊಡುವ ಐಎನ್‌ಯುಪಿ ಅನ್ನುವ ಸರ್ಕಾರಿ ಕಾರ್ಯಕ್ರಮ ಇದೆ. ನಮ್ಮ ಊರುಗಳ ಅಧ್ಯಾಪಕರು ಇದಕ್ಕೆ ಅರ್ಜಿ ಹಾಕುವುದೇ ಕಮ್ಮಿ. ಹಾಕಿ. ಟಂಗ್‌ಸ್ಟನ್ ಬಂದ ಮೇಲೆ ಮಾತ್ರ ನನಗೆ ಎಣಿಸಲು ಬೆಂಗಳೂರಿಗೆ ಹೋಗುವ ಅಗತ್ಯ ಬೀಳಲಿಲ್ಲ. ಕೆಂಪಗೆ ಹೊಳೆದದ್ದು ಒಂಟಿ, ಉಳಿದದ್ದು ಅಲ್ಲ.

ಯಾರು ಈ ಹರಳು ಕೊಳ್ಳಬಾರದು? ಕ್ರಯೋಸ್ಟಾಟ್ (ತೀರಾ ತಣ್ಣಗೆ ಮಾಡುವ ಉಪಕರಣ) ಇಟ್ಟುಕೊಂಡು ಒಂದೆರಡು ಮಿಲಿ ಅಗಲದ ಗೆರೆ ಬೇಕು ಅನ್ನುವವರಿಗೆ ಇದು ಸಾಲದು. ಅವರಿಗೆ ಫ್ಲಕ್ಸ್ ಹರಳು ಬೇಕು, ಪದರವನ್ನು ಮೇಲೂ ಕೆಳಗೂ ಬೋರಾನ್ ನೈಟ್ರೈಡ್ ಹಾಳೆಯಲ್ಲಿ ಮುಚ್ಚಬೇಕು. ಜಪಾನಿನ ತ್ಸುಕುಬಾದಲ್ಲಿ ತನಿಗುಚಿ ಮತ್ತು ವತನಬೆ ಬೆಳೆಸುವ ಬೋರಾನ್ ನೈಟ್ರೈಡ್ ಹರಳನ್ನೇ ಲೋಕದ ಎಷ್ಟೋ ಲ್ಯಾಬುಗಳು ನಂಬಿಕೊಂಡಿವೆ. ಅದು ಬೇರೆಯೇ ಮಟ್ಟದ ಕೆಲಸ. ಹಾಗೆಯೇ 2015ರಲ್ಲಿ ಬರ್ಕ್ಲಿಯವರು ಮಾಲಿಬ್ಡಿನಂ ಪದರವನ್ನು ಒಂದು ತೀಕ್ಷ್ಣ ಆಸಿಡ್‌ನಲ್ಲಿ ಉಪಚರಿಸಿ, ಹೀರಿದ ಬೆಳಕನ್ನು ಹೆಚ್ಚುಕಮ್ಮಿ ಪೂರ್ತಿ ವಾಪಸ್ ಕೊಡುವ ಹಾಗೆ ಮಾಡಿದರು. ಓದಿ ನನಗೂ ಆಸೆಯಾಯಿತು. ಆದರೆ ಗ್ಲೋವ್ ಬಾಕ್ಸ್ (ಹೊರಗಿನ ಗಾಳಿ ತಾಗದ ಹಾಗೆ ಮುಚ್ಚಿದ ಕೆಲಸದ ಪೆಟ್ಟಿಗೆ) ಇಲ್ಲದ ಲ್ಯಾಬಿನಲ್ಲಿ ಮಕ್ಕಳ ಕೈಗೆ ಆ ಆಸಿಡ್ ಕೊಡುವ ಮಾತೇ ಇಲ್ಲ.

ಅಂಕ ಕೊಡಬೇಕಾದರೆ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಬೆಲೆಗೆ, ಮತ್ತೆ ಪೆಟ್ಟಿಗೆಯಲ್ಲಿ 'ತೇವದಿಂದ ದೂರ ಇಡಿ' ಅಂತ ಒಂದು ಸಾಲೂ ಬರೆಯದೆ ಇದ್ದದ್ದಕ್ಕೆ. ಬೆಲೆ ಜಾಸ್ತಿ ಅನ್ನಿಸಿದರೂ ಎಂಟು ತಿಂಗಳಲ್ಲಿ ಎರಡು ಬ್ಯಾಚಿನ ಮಕ್ಕಳು ಸುಲಿದು ಸುಲಿದು, ಹರಳಿನಲ್ಲಿ ಇನ್ನೂ ಮುಕ್ಕಾಲು ಪಾಲು ಉಳಿದಿದೆ. ಪಕ್ಕದ ತಾಲೂಕಿನ ಕಾಲೇಜಿನ ಇಬ್ಬರು ಮೇಡಂ ಕಳೆದ ತಿಂಗಳು ಬಂದು ಅರ್ಧ ಟೇಪ್ ತೆಗೆದುಕೊಂಡು ಹೋದರು, ಅವರ ಮೈಕ್ರೋಸ್ಕೋಪಿನಲ್ಲೂ ಕೆಂಪು ಕಂಡಿತು ಅಂತ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರು. ಫ್ಲೂರೊಸೆನ್ಸ್ ಮೈಕ್ರೋಸ್ಕೋಪ್ ಇರುವ ಯಾವ ಕಾಲೇಜಿನವರಿಗಾದರೂ ಹೀಗೆ ಅರ್ಧ ಟೇಪ್ ಕೊಡಲು ನಾನು ತಯಾರು. ರೋಡಮಿನ್ ಫಿಲ್ಟರ್ ಇದೆಯಾ ಅಂತ ಮಾತ್ರ ನಿಮ್ಮ ಬಯೋಟೆಕ್‌ನವರನ್ನು ಮೊದಲೇ ಕೇಳಿಕೊಳ್ಳಿ, ಮಳೆ ಶುರುವಾಗುವ ಮುಂಚೆ ಬನ್ನಿ.